ನಾಳೆಯನ್ನೂ ಎಣಿಸಿದ ಲೆಕ್ಕ

ನನ್ನ ಗಂಡ ಬಣ್ಣ ಹೊಡೆಯುವ ಕೆಲಸದವರು. ಗೋಡೆಗಲ್ಲ, ಕಬ್ಬಿಣದ ಬೀರುಗಳಿಗೆ. ಬೀರು ಕಾರ್ಖಾನೆಯಲ್ಲಿ ಬೂತ್ ಎಂದು ಒಂದು ತಗಡಿನ ಕೋಣೆ ಇದೆ. ಅದರೊಳಗೆ ನಿಂತು ಗನ್ನಿನಿಂದ ಬಣ್ಣ ಬಿಡಬೇಕು. ಮದುವೆಗೆ ಮೊದಲೂ ಅದೇ ಮಾಡುತ್ತಿದ್ದರು, ಹಾಸಿಗೆ ಹಿಡಿಯುವ ತನಕವೂ ಅದೇ ಮಾಡಿದರು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಎದೆ ಕೆಟ್ಟು ಹೋದರು.

ಕಾರ್ಖಾನೆಗೆ ವರ್ಷಕ್ಕೊಮ್ಮೆ ಎಕ್ಸ್‌ರೇ ಗಾಡಿ ಬರುತ್ತದೆ. ಎಲ್ಲರೂ ಹತ್ತಿ ಎದೆ ತೋರಿಸಬೇಕು. ಅವರು ಹೋಗುವ ಹಿಂದಿನ ವರ್ಷ ಹತ್ತಿರಲಿಲ್ಲ. ಹತ್ತಿದ್ದಾರೆ ಎಂದು ಆಫೀಸಿನ ಕಂಪ್ಯೂಟರು ಹೇಳಿತು. ಅದಕ್ಕೆ ಹಾಗೆ ಹೇಳಲು ಕಲಿಸಿದವಳು ನನ್ನ ನಾದಿನಿ, ಅವರ ಸ್ವಂತ ತಂಗಿ.

ಅವಳು ನನ್ನ ಮನೆಯಲ್ಲೇ ಇದ್ದಾಳೆ. ಅವಳ ಕೆಲಸ ಉಳಿಯುವುದೋ ಹೋಗುವುದೋ ಎಂಬುದು ನನ್ನ ಒಂದು ಸಹಿಯ ಮೇಲೆ ನಿಂತಿತ್ತು. ಅದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಆರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವರನ್ನು ನೋಡಿದರೆ ಕಾರ್ಖಾನೆಯಲ್ಲಿ ಯಾವ ಆರ್ಡರು ನಡೆಯುತ್ತಿದೆ ಎಂದು ಬೀದಿಯವರಿಗೆಲ್ಲ ಗೊತ್ತಾಗುತ್ತಿತ್ತು. ಕಿವಿಯ ಹಿಂದೆ ಬಣ್ಣ ಉಳಿದಿರುತ್ತಿತ್ತು. "ಏನ್ ಬಣ್ಣದಣ್ಣ, ಈ ವಾರ ಹಸಿರಾ?" ಎಂದು ಹಾಲಿನವನು ಕೇಳುವನು. "ಹಸಿರೇ ಕಣಪ್ಪ, ಮೇಯೋಕೆ ಬರ್ತೀಯಾ?" ಎನ್ನುವರು ಇವರು. ಎಷ್ಟು ಸೋಪು ಹಾಕಿದರೂ ಮೈಯಿಂದ ತಿನ್ನರ್ ವಾಸನೆ ಹೋಗುತ್ತಿರಲಿಲ್ಲ. ಮೊದಲು ನನಗೆ ತಲೆನೋವು ಬರುತ್ತಿತ್ತು. ಆಮೇಲೆ ಆ ವಾಸನೆ ಇಲ್ಲದಿದ್ದರೆ ನಿದ್ದೆ ಬರದಂತಾಯಿತು. ಈಗ ಇಲ್ಲ. ನಿದ್ದೆಯೂ ಇಲ್ಲ.

ಯಾರ ಮನೆಗೆ ಹೋದರೂ ಮೊದಲು ಬೀರುವಿನ ಮಗ್ಗುಲಿಗೆ ಹೋಗಿ ನಿಲ್ಲುವರು. ಬೆಳಕಿಗೆ ಓರೆಯಾಗಿ ನೋಡುವರು. ಬಣ್ಣ ಎಲ್ಲಾದರೂ ಕಣ್ಣೀರಿನ ಹಾಗೆ ಇಳಿದಿದ್ದರೆ ಮುಖ ಹುಳ್ಳಗೆ ಮಾಡುವರು. ನೆಂಟರು ಚಹಾ ಕೊಟ್ಟು ಕಾಯುತ್ತಿರುತ್ತಾರೆ, ಇವರು ಬೀರುವಿನ ಬೆನ್ನು ಸವರುತ್ತಿರುತ್ತಾರೆ. ನನಗೆ ನಾಚಿಕೆಯಾಗುತ್ತಿತ್ತು.

ಮನೆಯಲ್ಲಿ ಮಾತು, ತಮಾಷೆ ಎಲ್ಲ ಇತ್ತು. ಕಾರ್ಖಾನೆಯ ಬಾಗಿಲು ದಾಟಿದರೆ ಬಾಯಿ ಇದ್ದೂ ಮೂಗರು. ಮುಖವಾಡದ ಫಿಲ್ಟರು ಕಟ್ಟಿಕೊಂಡು ತಿಂಗಳಾದರೂ ಕೇಳುತ್ತಿರಲಿಲ್ಲ, ಕರ್ಚೀಫು ಕಟ್ಟಿಕೊಳ್ಳುತ್ತಿದ್ದರು. ಬಾಯಿ ಇದ್ದವನು ಬರದಲ್ಲೂ ಬದುಕಿದ ಎನ್ನುತ್ತಾರೆ. ಇವರಿಗೆ ಆ ಗಾದೆ ಹತ್ತಲಿಲ್ಲ.

ತಂಗಿಯನ್ನು ಗುಬ್ಬಿ ಎಂದು ಕರೆಯುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಅತ್ತೆ ಮಾವ ಇರಲಿಲ್ಲ. ಅವಳಿಗೆ ಜಡೆ ಹಾಕಿದವಳು ನಾನು, ಶಾಲೆಗೆ ಡಬ್ಬಿ ಕಟ್ಟಿದವಳು ನಾನು, ಜ್ವರ ಬಂದರೆ ರಾತ್ರಿ ಎದ್ದು ಕೂತವರು ಅವರು. ನಮಗೆ ಮಕ್ಕಳಾಗಲಿಲ್ಲ. ಗುಬ್ಬಿ ಇದ್ದಾಳಲ್ಲ ಎಂದು ನಾವೂ ಕೊರಗಲಿಲ್ಲ.

ಅವಳ ಓದು ಮುಗಿದ ಮೇಲೆ ಅವರೇ ಮ್ಯಾನೇಜರನ್ನು ಕೇಳಿ ಆಫೀಸಿನಲ್ಲಿ ಕೆಲಸ ಕೊಡಿಸಿದರು. ಜೀವನದಲ್ಲಿ ಅವರು ಕೇಳಿದ್ದು ಅದೊಂದೇ. ಹಾಜರಿ, ರಜೆ, ಎಕ್ಸ್‌ರೇ ಇವನ್ನೆಲ್ಲ ಕಂಪ್ಯೂಟರಿಗೆ ಹಾಕುವ ಕೆಲಸ. ಅದಕ್ಕಾಗಿ ಅವಳು ಝೆರಾಕ್ಸ್ ಅಂಗಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ಸೇರಿಕೊಂಡಳು. ಸಂಜೆ ಆಫೀಸಿನ ಹಳೇ ಲ್ಯಾಪ್‌ಟಾಪ್ ಮನೆಗೆ ತಂದು ಅಭ್ಯಾಸ ಮಾಡುತ್ತಿದ್ದಳು. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದೆ. ಹಾಗೆ ಕಿವಿಗೆ ಬಿದ್ದದ್ದು ನನಗೂ ಬಂತು.

ಅವರು ಸ್ನಾನ ಮಾಡಿ ಬಂದು ಇಣುಕಿದರು. "ಇದೇನೇ ಗುಬ್ಬಿ, ಆಟಕ್ಕೆ ಮನೆ ಬರೆದ ಹಾಗಿದೆ?"

"ಇದಕ್ಕೆ ಸೆಲ್ ಅಂತಾರೆ ಅಣ್ಣ."

"ಸೆಲ್ಲು ಟಾರ್ಚಿಗೆ ಹಾಕೋದು. ಮನೆ ಅನ್ನು, ಮನೆ."

ಅವತ್ತಿನಿಂದ ನಮಗೆ ಅದು ಮನೆ. ಅವಳು ಮೇಲಿಂದ ಕೆಳಕ್ಕೆ ಒಂದು ಸಾಲಿನಲ್ಲಿ ಅಕ್ಕಪಕ್ಕದವರನ್ನು ಬರೆದಳು. ಟೈಲರು, ಹಾಲಿನವನು, ಮಹಡಿ ಮೇಲಿನ ಟೀಚರು ಹೀಗೆ. ಪಕ್ಕದ ಸಾಲಿನಲ್ಲಿ ಅವರ ಮನೆಯಲ್ಲಿ ಎಷ್ಟು ಜನ ಎಂದು ಬರೆದಳು. ಟೈಲರನ ಮನೆಯ ಲೆಕ್ಕ ಯಾರಿಗೂ ತಿಳಿಯದು, ಅಲ್ಲಿ 'ಗೊತ್ತಿಲ್ಲ' ಎಂದು ಹಾಕಿದಳು. ಟೀಚರದ್ದು ಖಾಲಿ ಬಿಟ್ಟಳು.

"ಈಗ ನೋಡು. ಕೆಳಗಡೆ ಮನೇಲಿ ಬರಾಬರಿ ಗುರುತು ಹಾಕಿ ಕೌಂಟ್ ಅಂತ ಬರೆದು, ಮೊದಲನೇ ಮನೆಯಿಂದ ಕೊನೇ ಮನೆ ತನಕ ಅಂತ ಕೊಟ್ರೆ, ಅಂಕಿ ಇರೋ ಮನೆ ಮಾತ್ರ ಎಣಿಸುತ್ತೆ. ಟೈಲರ್‌ನ ಬಿಟ್ಟುಬಿಡ್ತು. ಕೌಂಟ್‌ಎ ಅಂತ ಕೊಟ್ರೆ ಏನು ಬರೆದಿದ್ರೂ ಎಣಿಸುತ್ತೆ. ಟೈಲರ್ ಬಂದ. ಕೌಂಟ್‌ಬ್ಲಾಂಕ್ ಅಂದ್ರೆ ಖಾಲಿ ಇರೋದು ಮಾತ್ರ. ಟೀಚರ್ ಒಬ್ರೇ."

"ಹಂಗಾದ್ರೆ ಈ ಕೌಂಟು ನಮ್ಮ ಮ್ಯಾನೇಜರ್ ಇದ್ದಂಗೆ. ಅಂಕಿ ಹೇಳಿದ್ರೆ ಮಾತ್ರ ಕಿವಿ ಕೇಳುತ್ತೆ. ಕೌಂಟ್‌ಎ ನಮ್ಮಮ್ಮ. ಬಾಗಿಲಿಗೆ ಬಂದೋರೆಲ್ಲ ಲೆಕ್ಕ. ಯಾಕೆ ಬಂದ್ರು ಅಂತ ಕೇಳ್ತಿರ್ಲಿಲ್ಲ."

"ಕೌಂಟ್‌ಇಫ್ ಅಂತ ಇನ್ನೊಂದಿದೆ. ಇಂಥದ್ದು ಬರೆದಿರೋ ಮನೆ ಎಷ್ಟು ಅಂತ ಹುಡುಕಿ ಹೇಳುತ್ತೆ. 'ಗೊತ್ತಿಲ್ಲ' ಅಂತ ಕೊಟ್ರೆ ಒಂದು ಅನ್ನುತ್ತೆ."

"ಅದು ನಿಮ್ಮತ್ತಿಗೆ. ಯಾರು ಯಾವತ್ತು ಏನಂದ್ರು ಅಂತ ಹುಡುಕಿ ಹುಡುಕಿ ಹೇಳ್ತಾಳೆ."

ನಾನು ಸೂಜಿ ತೋರಿಸಿದೆ. ಇಬ್ಬರೂ ನಕ್ಕರು. ಆ ನಗು ನೆನೆದರೆ ಈಗ ಮೈ ಉರಿಯುತ್ತದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಗುಬ್ಬಿ ಎಕ್ಸ್‌ರೇ ಹಾಳೆಗೆ ಕೌಂಟ್ ಅಂತಲೇ ಹಾಕಿದ್ದಳು. ಗಾಡಿ ಹತ್ತಿ ಇಳಿದವರ ಮುಂದೆ ತಾರೀಖು ಬರೆಯಬೇಕು. ತಾರೀಖು ಸರಿಯಾಗಿ ಬರೆದರೆ ಕಂಪ್ಯೂಟರಿಗೆ ಅದೂ ಒಂದು ಅಂಕಿಯೇ. ಆದರೆ ಇವಳು ನಾವು ಕೈಯಲ್ಲಿ ಬರೆಯುವ ಹಾಗೆ ನಡುವೆ ಚುಕ್ಕಿ ಇಟ್ಟು ಬರೆದಳು. ಚುಕ್ಕಿ ಇಟ್ಟದ್ದನ್ನು ಅದು ಅಂಕಿ ಎಂದು ಒಪ್ಪಲಿಲ್ಲ, ಬರೀ ಅಕ್ಷರ ಎಂದುಕೊಂಡಿತು. ಲೆಕ್ಕ ಸೊನ್ನೆ ಬಂತು. ಮ್ಯಾನೇಜರು ಎಲ್ಲರೆದುರಿಗೆ, "ಏನಮ್ಮ, ಗಾಡಿ ಬಂದು ಬರೀ ಗಾಳಿ ತಗೊಂಡು ಹೋಯ್ತಾ?" ಎಂದರು. ಮನೆಗೆ ಬಂದು ಅತ್ತಳು.

ಇವರು ಸಮಾಧಾನ ಮಾಡಿದರು. "ಅಳ್ತಾರಾ ಇದಕ್ಕೆ? ಆ ಅಂಕಿಯೊಂದೇ ಎಣಿಸೋದು ಬೇಡ. ಎಲ್ಲಾನೂ ಎಣಿಸೋದು ಹಾಕು, ನಮ್ಮಮ್ಮನ್ನ ಹಾಕು."

ಹಾಕಿದಳು. ಲೆಕ್ಕ ಸರಿ ಬಂತು. ಅಲ್ಲಿಂದ ಆ ಹಾಳೆಯ ಕೆಳಗೆ ಕೌಂಟ್‌ಎ ಉಳಿಯಿತು.

ಅದರಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಸೇರಿಕೊಂಡಿತು. ಆ ಆಫೀಸಿನಲ್ಲಿ ಖಾಲಿ ಮನೆ ಕಂಡರೆ ಮ್ಯಾನೇಜರಿಗೆ ಆಗುತ್ತಿರಲಿಲ್ಲ. ಖಾಲಿ ಇದ್ದರೆ ಕೆಂಪು ಬಳಿದು, ಆ ಕೆಲಸಗಾರನನ್ನು ಕರೆಸಿ, ನಿಲ್ಲಿಸಿ ಬಯ್ಯುವರು. ಹಾಗಾಗಿ ಯಾರಾದರೂ ತಪ್ಪಿಸಿಕೊಂಡರೆ ಅವರ ಮನೆಯಲ್ಲಿ ಏನಾದರೊಂದು ಪದ ಬರೆದು ಬಿಡುವುದು ರೂಢಿಯಾಯಿತು. ಗೇಟಿನ ಟೈಮ್‌ಕೀಪರ್ ಮಾವ ಗುಬ್ಬಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದನಂತೆ. "ರಜೆ ಅಂತ ಬರಿ, ಬರ್ತಾನೆ ಅಂತ ಬರಿ, ಏನಾದ್ರೂ ಬರಿ ತಾಯಿ. ಖಾಲಿ ಮಾತ್ರ ಬಿಡ್ಬೇಡ."

ಆ ವರ್ಷ ಗಾಡಿ ಎರಡು ದಿನಕ್ಕೆಂದು ಬಂದಿತ್ತು. ಅದೇ ಹೊತ್ತಿಗೆ ಒಂದು ದೊಡ್ಡ ಆರ್ಡರು. ಬೀರುಗಳು ಬೂತಿನ ಹೊರಗೆ ಸಾಲಾಗಿ ನಿಂತಿದ್ದವು. "ಬೂತು ನಿಲ್ಲಬಾರದು" ಎಂದು ಮ್ಯಾನೇಜರು ಬಂದು ಹೇಳಿ ಹೋದರು. ಬೂತಿನಲ್ಲಿ ಇವರು, ಬಣ್ಣ ಕಲಸುವವನು, ಬೀರು ಉಜ್ಜಿ ನಯ ಮಾಡುವವರಿಬ್ಬರು. ನಾಲ್ವರೂ ಹೊರಗೆ ಬರಲಿಲ್ಲ. ಸಂಜೆ ಗುಬ್ಬಿ ಬೂತಿನ ಕಿಟಕಿಗೆ ಹೋಗಿ ಕೂಗಿದಳಂತೆ. "ಅಣ್ಣ, ನಿಂದು ಖಾಲಿ ಇದೆ!"

ಇವರು ಗನ್ನು ಇಳಿಸಲಿಲ್ಲ. "ನಾಳೆ ಅಂತ ಹಾಕೇ. ನಾಲ್ಕೂ ಜನಕ್ಕೆ ಹಾಕು. ನಾಳೆ ಟೀ ಹೊತ್ತಿಗೆ ಹೋಗ್ತೀವಿ."

ಅವಳು ನಾಲ್ಕು ಮನೆಯಲ್ಲಿ 'ನಾಳೆ' ಎಂದು ಬರೆದಳು. ಕೌಂಟ್‌ಎ ನಾಳೆಯನ್ನೂ ಎಣಿಸಿತು. ಕೆಳಗೆ ಮೂವತ್ತೆಂಟಕ್ಕೆ ಮೂವತ್ತೆಂಟು ಬಂತು. ಮ್ಯಾನೇಜರು ಮೇಲೆ ನೋಡಲಿಲ್ಲ, ಕೆಳಗಿನ ಅಂಕಿ ನೋಡಿದರು. ಎಲ್ಲ ಮುಗಿಯಿತಲ್ಲ ಎಂದು ಫೋನು ಮಾಡಿ ಎರಡನೇ ದಿನದ ಗಾಡಿ ಬೇಡ ಎಂದರು.

ಮಾರನೇ ದಿನ ಇವರು ಟೀ ಹೊತ್ತಿಗೆ ಅಂಗಳಕ್ಕೆ ಬಂದರೆ ಗಾಡಿ ಇಲ್ಲ. ಮನೆಗೆ ಬಂದು ನಗುತ್ತಾ ಹೇಳಿದರು. "ನಂದು ಎಕ್ಸ್‌ರೇ ಆಗ್ಬಿಟ್ಟಿದೆಯಂತೆ ಕಣೆ. ಗಾಡಿ ಯಾಕೆ, ಕಂಪ್ಯೂಟರೇ ತೆಗೆದುಬಿಡ್ತು."

ಗುಬ್ಬಿಯ ಮುಖದಲ್ಲಿ ರಕ್ತ ಇರಲಿಲ್ಲ. "ನಾನು ಸಾರ್‌ಗೆ ಹೇಳ್ತೀನಿ ಅಣ್ಣ. ತಪ್ಪು ನಂದು."

"ಬೇಡ. ಆವತ್ತು ಸೊನ್ನೆಗೇ ಹಂಗೆ ಕುಣಿದ, ಇದಕ್ಕೆ ಕೆಲಸದಿಂದಾನೇ ತೆಗೀತಾನೆ. ಬರೋ ವರ್ಷ ಹತ್ತಿದ್ರಾಯ್ತು. ನನ್ನ ಎದೆ ಎಲ್ಲಿಗೆ ಓಡಿ ಹೋಗುತ್ತೆ?"

"ಹೇಳಲಿ ಬಿಡ್ರಿ" ಎಂದೆ ನಾನು. "ಬೈಸಿಕೊಂಡ್ರೆ ಸತ್ತು ಹೋಗ್ತಾಳಾ?"

"ನೀನು ಸುಮ್ನಿರು" ಎಂದರು. ಅಣ್ಣ ತಂಗಿ ಒಂದಾದರೆ ನನ್ನ ಮಾತು ಆ ಮನೆಯಲ್ಲಿ ಯಾವತ್ತೂ ನಡೆದಿಲ್ಲ.

ಚಳಿಗಾಲಕ್ಕೆ ಕೆಮ್ಮು ಶುರುವಾಯಿತು. ಧೂಳು ಎಂದರು. ಬೇಸಿಗೆಗೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಚಪ್ಪಲಿ ಸರಿಮಾಡಿಕೊಳ್ಳುವವರ ಹಾಗೆ ಬಗ್ಗುತ್ತಿದ್ದರು. ಮುಂದಿನ ವರ್ಷದ ಗಾಡಿ ಬರುವ ಮೊದಲೇ ಆಸ್ಪತ್ರೆ ಸೇರಿದರು. ಡಾಕ್ಟರು ಫೋಟೋ ಹಿಡಿದು ನೋಡಿ, "ಒಂದು ವರ್ಷ ಮೊದಲು ಬಂದಿದ್ರೆ ಮಾತೇ ಬೇರೆ ಇತ್ತು" ಎಂದರು. ಆ ಮಾತು ಹೇಳದೆ ಇದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತೋ. ಗುಬ್ಬಿ ಅಲ್ಲೇ ಗೋಡೆ ಹಿಡಿದು ಕೂತಳು.

ಕೊನೆಗೆ ಮಾತಾಡಲು ಉಸಿರಿರಲಿಲ್ಲ. ಆದರೂ ನನ್ನ ಕೈ ಹಿಡಿದು ಗುಬ್ಬಿ ಕಡೆ ಕಣ್ಣು ತೋರಿಸಿದರು. ನೋಡಿಕೋ ಎಂದು. ಸಾಯುವಾಗಲೂ ನನಗೆಂದು ಒಂದು ನೋಟ ಉಳಿಸಲಿಲ್ಲ. ಹಾಗೆ ಹೋದರು.

ಸತ್ತ ಮೇಲೆ ಸರಕಾರದ ಇನ್‌ಸ್ಪೆಕ್ಟರು ಕಾರ್ಖಾನೆಗೆ ಬಂದ. ಎದೆ ಕೆಟ್ಟು ಸತ್ತವನ ಹಿಂದಿನ ವರ್ಷದ ಎಕ್ಸ್‌ರೇ ಎಲ್ಲಿ ಎಂದ. ಇಲ್ಲ. ಹಾಳೆಯಲ್ಲಿ ಎಲ್ಲರದ್ದೂ ಆಗಿದೆ ಎಂದಿದೆಯಲ್ಲ ಎಂದ. ಆಗ ಯಾರೂ ಕೇಳುವ ಮೊದಲೇ ಗುಬ್ಬಿ ಎದ್ದಳಂತೆ. ಅವನೆದುರಿಗೇ ಕೌಂಟ್‌ಇಫ್ ಹಾಕಿ 'ನಾಳೆ' ಎಂದು ಕೊಟ್ಟಳು. ನಾಲ್ಕು ಎಂದು ಬಂತು. "ಗಾಡಿ ಹತ್ತಿದ್ದು ಮೂವತ್ನಾಲ್ಕೇ ಜನ ಸಾರ್. ಈ ನಾಲ್ಕು ನಾನು ಬರೆದಿದ್ದು" ಎಂದಳು. ಉತ್ತರ ಬರೆದು ಕೊಡಿ ಎಂದು ಇನ್‌ಸ್ಪೆಕ್ಟರು ಮ್ಯಾನೇಜರಿಗೆ ಗಡುವು ಕೊಟ್ಟು ಹೋದ.

ಮ್ಯಾನೇಜರು ಉತ್ತರ ಹುಡುಕಲು ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆಗೇ ಬಂದರು. ಟೈಪ್ ಮಾಡಿದ ಒಂದು ಕಾಗದ ಮೇಜಿನ ಮೇಲಿಟ್ಟರು. ನಾನು ಬೆರಳಿಟ್ಟು ಓದಿದೆ. ನನ್ನ ಗಂಡನ ಎದೆ ಪರೀಕ್ಷೆ ತಪ್ಪಿದ್ದು ಗುಮಾಸ್ತೆಯ ನಿರ್ಲಕ್ಷ್ಯದಿಂದ, ಕಾರ್ಖಾನೆಯ ಮೇಲೆ ನನಗೆ ದೂರಿಲ್ಲ ಎಂದು ಇತ್ತು. ಕೆಳಗೆ ನನ್ನ ಸಹಿಗೆ ಗೆರೆ.

"ನಿಮಗೆ ಪ್ಯಾಕಿಂಗ್‌ನಲ್ಲಿ ಕೆಲಸ ಇದೆ ಅಮ್ಮ. ಅವಳನ್ನ ತೆಗೆದುಬಿಡ್ತೀವಿ. ಇಷ್ಟಕ್ಕೆ ಮುಗೀತು. ಸೋಮವಾರ ಆಫೀಸಿಗೆ ಬಂದು ಸಹಿ ಹಾಕಿ" ಎಂದರು. ಗುಬ್ಬಿ ಒಲೆಯ ಪಕ್ಕ ನಿಂತಿದ್ದಳು. ಅವಳು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಮಾತಾಡಿ ಹೋದರು.

ಅವರು ಹೋದ ಮೇಲೆ ಅವಳು ನನ್ನ ಕಾಲ ಬುಡದಲ್ಲಿ ಕೂತಳು. "ಹಾಕಿಬಿಡು ಅತ್ತಿಗೆ."

"ನೀನು ಹೇಳಿಕೊಡ್ಬೇಡ."

"ಅಣ್ಣನ್ನ ಕೊಂದಿದ್ದು ನಾನೇ. ಹಾಕು. ನಿನ್ನ ಕೈ ಮುಗೀತೀನಿ. ಹಾಕಿದ್ರೆ ನನಗೆ ನಿದ್ದೆನಾದ್ರೂ ಬರುತ್ತೆ."

ನನಗೆ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ನಿಜ ಹೇಳುತ್ತೇನೆ, ಅವಳನ್ನು ನೋಡಿದರೆ ಆಗುತ್ತಿರಲಿಲ್ಲ. ಅವಳ ಬಳೆಯ ಸದ್ದು ಕೇಳಿದರೆ ಆಗುತ್ತಿರಲಿಲ್ಲ. ಸಹಿ ಹಾಕಿದರೆ ಇವಳು ಈ ಮನೆಯಿಂದ ಹೋಗುತ್ತಾಳೆ, ಹೋಗಲಿ, ನಾನು ಒಬ್ಬಳೇ ಅಳುತ್ತೇನೆ ಎಂದೂ ಅನ್ನಿಸಿತು. ಸೋಮವಾರ ಸೀರೆ ಉಟ್ಟು ಹೊರಟಾಗ ಹಾಕುವುದೇ ಎಂದಿದ್ದೆ.

ಕಾರ್ಖಾನೆಯೊಳಗೆ ಅದೇ ಮೊದಲ ಸಲ ಹೋದದ್ದು. ಆಫೀಸಿಗೆ ಹೋಗುವ ದಾರಿಯಲ್ಲಿ ಬೂತು ಸಿಗುತ್ತದೆ. ತಗಡಿನ ಬಾಗಿಲು ಹಾಕಿತ್ತು. ಒಳಗೆ ಗನ್ನು ಬುಸುಗುಡುತ್ತಿತ್ತು. ಕಿಟಕಿಯ ಗಾಜಿನ ಮೇಲೆ ಬಣ್ಣ ಕೂತು ಕೂತು, ಒಳಗೆ ಯಾರಿದ್ದಾರೆ ಎಂದೇ ಕಾಣದು. ಯಾರೋ ಒಬ್ಬ ಕೆಮ್ಮಿದ. ಇವರೇ ಕೆಮ್ಮಿದಂತಾಯಿತು. ನನ್ನ ಕಾಲು ಅಲ್ಲೇ ನಿಂತಿತು.

ಆಫೀಸಿನಲ್ಲಿ ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಗುಬ್ಬಿ ತನ್ನ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದಳು. ಟೈಮ್‌ಕೀಪರ್ ಮಾವ ಬಾಗಿಲಲ್ಲಿ ನಿಂತಿದ್ದ.

"ತಪ್ಪು ಮಾಡಿದವರಿಗೆ ಶಿಕ್ಷೆ ಆಗ್ಬೇಕಲ್ವಾ ಅಮ್ಮ?"

"ಆಗ್ಬೇಕು ಸಾರ್."

"ಮತ್ತೆ ಹಾಕಿ."

"ಇದರಲ್ಲಿ ಬೂತು ನಿಲ್ಲಿಸಬೇಡಿ ಅಂದಿದ್ದು ಬರೆದಿಲ್ಲ."

ಮ್ಯಾನೇಜರು ನಕ್ಕರು. "ಅದೆಲ್ಲ ಬರೆದ್ರೆ ಪುರಾಣ ಆಗುತ್ತೆ."

"ಆಗಲಿ. ಬೂತು ನಿಲ್ಲಬಾರದು ಅಂದಿದ್ದು ಬರೀರಿ. ಖಾಲಿ ಬಿಟ್ರೆ ನಿಲ್ಲಿಸಿ ಬೈತಿದ್ದಿದ್ದು ಬರೀರಿ. ನಾಳೆ ಅಂತ ಹಾಕು ಅಂದವರು ನನ್ನ ಗಂಡ, ಅದನ್ನೂ ಬರೀರಿ. ಇವಳು ಬರೆದಳು, ಮಿಷನ್ನು ಎಣಿಸಿತು, ನೀವು ಗಾಡಿ ವಾಪಸ್ ಕಳಿಸಿದ್ರಿ. ಎಲ್ಲ ಬರೀರಿ. ಎಲ್ಲದಕ್ಕೂ ಸೇರಿಸಿ ಒಂದು ಸಹಿ ಹಾಕ್ತೀನಿ."

"ಬೂತು ನಿಲ್ಲಿಸಬೇಡಿ ಅಂತ ನಾನು ಅಂದಿದ್ದು ಯಾರು ಕೇಳಿದ್ದಾರೆ?" ಎಂದು ಅವರು ಬಾಗಿಲ ಕಡೆ ನೋಡಿದರು. ಟೈಮ್‌ಕೀಪರ್ ಮಾವ ನನ್ನ ಗಂಡನ ಜೊತೆ ಎಷ್ಟೋ ವರ್ಷ ಒಂದೇ ಬೀಡಿ ಸೇದಿದವನು. "ನೆನಪಿಲ್ಲ ತಾಯಿ" ಎಂದ. ಅವನಿಗೂ ಸಂಸಾರ ಇದೆ.

ಗುಬ್ಬಿ ಎದ್ದಳು. "ಅತ್ತಿಗೆ, ಹಾಕು. ಸಾಕು."

"ಕೂತ್ಕೋ" ಎಂದೆ. "ನಿನಗೆ ಶಿಕ್ಷೆ ಬೇಕು, ನಿದ್ದೆ ಬರಲಿ ಅಂತ. ಇವರಿಗೂ ಅದೇ ಬೇಕು. ನಿಮ್ಮಿಬ್ಬರಿಗೂ ನಿದ್ದೆ ಬರಿಸೋಕೆ ನಾನೇ ಸಿಕ್ಕಿದ್ನಾ?"

ಪೆನ್ನಿನ ಮುಚ್ಚಳ ಹಾಕಿ ಇಟ್ಟು ಬಂದೆ. ಪ್ಯಾಕಿಂಗ್ ಕೆಲಸವೂ ಅಲ್ಲೇ ಉಳಿಯಿತು. ಇವತ್ತಿಗೂ ದಿಂಬಿನ ಚೀಲ ಹೊಲಿಯುತ್ತಿದ್ದೇನೆ.

ಇನ್‌ಸ್ಪೆಕ್ಟರನ ಹತ್ತಿರ ನಾನೇ ಹೋಗಿ ಇದನ್ನೆಲ್ಲ ಹೇಳಿದೆ. ಅವನು ಅರ್ಧ ಬರೆದುಕೊಂಡ. ಬೂತಿನ ಮಾತಿಗೆ ಸಾಕ್ಷಿ ಇಲ್ಲ ಎಂದ. ಮ್ಯಾನೇಜರಿಗೆ ಏನೂ ಆಗಲಿಲ್ಲ. ಗಾಡಿ ಮತ್ತೆ ಕರೆಸಿ ಎಂದು ಆಜ್ಞೆ ಬಂತು, ಅಷ್ಟೇ. ಗುಬ್ಬಿಯ ಹೇಳಿಕೆಯನ್ನು ಅವನು ಬರೆದುಕೊಂಡಿದ್ದ, ಆದ್ದರಿಂದ ಅವಳನ್ನು ತೆಗೆದರೆ ಕೇಳುವವರಿದ್ದಾರೆ ಎಂದು ಅವಳ ಕೆಲಸ ಉಳಿಯಿತು.

ಅವಳಿಗೆ ಅದು ಬೇಡವಾಗಿತ್ತು. "ಆ ಕುರ್ಚೀಲಿ ನಾನು ಕೂರಲ್ಲ ಅತ್ತಿಗೆ. ಬಟ್ಟೆ ಅಂಗಡೀಲಿ ಕೇಳ್ತೀನಿ."

"ಕೂರ್ಬೇಕು. ನಿಮ್ಮಣ್ಣ ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಕುರ್ಚಿ."

"ನನಗೆ ಆಗಲ್ಲ."

"ಆಗದೇ ಇದ್ರೂ ಹೋಗು. ನನಗೂ ಆಗಲ್ಲ. ದಿನಾ ಬೆಳಿಗ್ಗೆ ಏಳ್ತಾ ಇಲ್ವಾ ನಾನು?"

ಹೋದಳು. ದಿನಾ ಹೋಗುತ್ತಾಳೆ. ಡಬ್ಬಿ ಕಟ್ಟುತ್ತೇನೆ. ನಾವು ಹೆಚ್ಚು ಮಾತಾಡುವುದಿಲ್ಲ.

ಗಾಡಿ ಬಂದ ದಿನ ಅವಳು ತಾರೀಖುಗಳನ್ನು ಚುಕ್ಕಿ ಇಲ್ಲದೆ ಗೆರೆ ಹಾಕಿ ಬರೆದಳಂತೆ, ಕೆಳಗೆ ಕೌಂಟ್ ಹಾಕಿದಳಂತೆ. ಮಧ್ಯಾಹ್ನ ಕಳೆದರೂ ಬೂತಿನವರ ಮನೆಗಳು ಖಾಲಿ. ಇವರ ಜಾಗಕ್ಕೆ ಬಂದ ಹೊಸ ಪೇಂಟರು ಒಳಗಿದ್ದ. ಅವನಿಗೆ ಮದುವೆಯಾಗಿ ಸ್ವಲ್ಪ ದಿನವಾಗಿತ್ತು. ಕೂಗಿದರೆ ಕೈ ಬೀಸಿದನಂತೆ, ಆಮೇಲೆ ಎಂದು. ಗುಬ್ಬಿ ಹೋಗಿ ಗನ್ನಿಗೆ ಗಾಳಿ ಕೊಡುವ ಯಂತ್ರದ ಸ್ವಿಚ್ಚು ಆರಿಸಿದಳು. ಗನ್ನು ಸತ್ತಿತು. ಬೂತಿನವರೆಲ್ಲ ಬಯ್ಯುತ್ತಾ ಹೊರಗೆ ಬಂದರು. ಮ್ಯಾನೇಜರು ಓಡಿ ಬಂದು ಕೂಗಾಡಿದರು. ಕೊನೆಯವನು ಗಾಡಿ ಹತ್ತಿ ಇಳಿಯುವ ತನಕ ಅವಳು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದಳಂತೆ.

ಫೋಟೋ ಬಂತು. ಬಣ್ಣ ಕಲಸುವವನ ಎದೆಯಲ್ಲಿ ಸಣ್ಣ ಕಲೆ ಇದೆ, ಬೇಗ ಸಿಕ್ಕಿತು, ಮಾತ್ರೆಯಲ್ಲೇ ಹೋಗುತ್ತದೆ ಎಂದರಂತೆ. ಹೊಸಬನ ಎದೆ ಚೆನ್ನಾಗಿದೆಯಂತೆ.

ಬಣ್ಣ ಕಲಸುವವನ ಹೆಂಡತಿ ನಮ್ಮ ಮನೆಗೆ ಬಂದಳು. ಗುಬ್ಬಿಯ ಕೈ ಹಿಡಿದು ಅತ್ತಳು, ನನ್ನ ಕೈಯನ್ನೂ ಹಿಡಿದಳು. "ನಿಮ್ಮಿಂದ ನಮ್ಮೆಜಮಾನ್ರು ಉಳಿದ್ರು ಅಕ್ಕ" ಎಂದಳು. ಮಹಡಿ ಮೇಲಿನ ಟೀಚರು, "ನೋಡಿ, ಬಣ್ಣದಣ್ಣ ಹೋಗಿದ್ದು ವ್ಯರ್ಥ ಆಗ್ಲಿಲ್ಲ. ನಿಮಗೆ ಸಂತೋಷ ಆಗ್ಬೇಕು" ಎಂದರು.

ನನಗೆ ಸಂತೋಷ ಆಗಲಿಲ್ಲ. ಚಹಾ ಕೊಟ್ಟೆ, ಬಣ್ಣ ಕಲಸುವವನ ಹೆಂಡತಿಯನ್ನು ಬಾಗಿಲ ತನಕ ಹೋಗಿ ಕಳಿಸಿದೆ. ಅವಳ ಗಂಡ ಕೆಳಗೆ ಸೈಕಲ್ ಹಿಡಿದು ಕಾಯುತ್ತಿದ್ದ. ಅವಳು ಹಿಂದೆ ಹತ್ತಿ ಕೂತಳು, ಅವನು ತುಳಿದುಕೊಂಡು ಹೋದ. ಮೂಲೆ ತಿರುಗುವ ತನಕ ನೋಡಿದೆ. ಹೊಟ್ಟೆ ಉರಿಯಿತು. ಅವನು ಸಾಯಲಿ ಎಂದಲ್ಲ. ಅವಳೊಬ್ಬಳಿಗೇ ಯಾಕೆ ಎಂದು.